ಎಣ್ಣೆ ಹೆಚ್ಚಾದರೆ ಆರುವ ದೀಪ

ಎಣ್ಣೆ ತೀರಿದರೆ ದೀಪ ಆರುತ್ತದೆ; ಇದು ಲೋಕರೂಢಿ. ಎಣ್ಣೆ ಹೆಚ್ಚಾದ ಕಾರಣದಿಂದಲೇ ಆರಿಹೋಗುವ ದೀಪವೊಂದು ಉಂಟೆಂದರೆ ನಂಬುವವರು ವಿರಳ. ಆದರೂ ಅಂಥ ದೀಪ ಉಂಟು. ಒಮ್ಮೆ ಹಾಗೆ ಆರಿದ ಮೇಲೆ ಎಷ್ಟು ಎಣ್ಣೆ ಎರೆದರೂ ಅದು ಮೊದಲಿನಂತೆ ಉರಿಯಲಾರದು. ಆ ದೀಪದ ಹೆಸರು ಲೇಸರ್ ಡಯೋಡು. ಅದರ ಎಣ್ಣೆ ವಿದ್ಯುತ್ತು.

ಸಾಸಿವೆ ಕಾಳಿಗಿಂತಲೂ ಚಿಕ್ಕದಾದ ಈ ಹರಳನ್ನು ಕಣ್ಣಾರೆ ಕಂಡವರು ಕಡಮೆ. ಅದರ ಸೇವೆಯನ್ನು ಪಡೆಯದವರು ಇನ್ನೂ ಕಡಮೆ. ಅಂಗಡಿಯಲ್ಲಿ ಸಾಮಾನಿನ ಮೇಲಿನ ಪಟ್ಟೆಗೆರೆಗಳನ್ನು ತಡವಿ ಬೆಲೆಯನ್ನು ಓದುವ ಕೆಂಪು ಗೆರೆ ಅದರದು. ಹಾಡುಗಳನ್ನು ತುಂಬಿದ ಬೆಳ್ಳಿಬಣ್ಣದ ತಟ್ಟೆಗಳು 1982ರಲ್ಲಿ ಮಾರುಕಟ್ಟೆಗೆ ಬಂದಾಗ ಅವನ್ನು ಓದಿದುದೂ ಅದೇ. ಸಮುದ್ರದ ತಳದಲ್ಲಿ ಹಾಸಿದ ಗಾಜಿನ ಎಳೆಯೊಳಗೆ ಒಂದು ಖಂಡದ ಮಾತನ್ನು ಇನ್ನೊಂದು ಖಂಡಕ್ಕೆ ಹೊತ್ತೊಯ್ಯುವ ಬೆಳಕೂ ಅದರದೇ. ಬೆಳಕನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಆ ಬೆಳಕಿನ ಹಿಂದೆ ನಿಂತು, ಹರಳಿಗೆ ವಿದ್ಯುತ್ತನ್ನು ಅಳೆದು ಅಳೆದು ಉಣಿಸುವ ಪುಟ್ಟ ವಿದ್ಯುನ್ಮಂಡಲವೊಂದು ಇದೆಯಲ್ಲ, ಅದರ ಹೆಸರನ್ನು ಎತ್ತುವವರಿಲ್ಲ. ಬಲ್ಲವರು ಅದನ್ನು ಚಾಲಕ ಮಂಡಲವೆಂದು ಕರೆಯುತ್ತಾರೆ. ಹರಳಿನ ಆಯುಸ್ಸು ಮಾತ್ರವಲ್ಲ, ಅದರ ಮುಂದೆ ಸುಳಿದಾಡುವ ಮನುಷ್ಯನ ಕಣ್ಣೂ ಈ ಮಂಡಲದ ವಶದಲ್ಲಿದೆ. ಆದುದರಿಂದ ಅದರ ಗುಣಧರ್ಮಗಳನ್ನು ವಾಚಕರು ಅರಿಯುವುದು ಉಚಿತವಾಗಿದೆ.

ಹುಟ್ಟು ಮತ್ತು ಸ್ವಭಾವ

1960ನೆಯ ಇಸವಿ ಮೇ 16ರಂದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಥಿಯೊಡೋರ್ ಮೈಮನ್ ಎಂಬ ವಿಜ್ಞಾನಿ ಮಾಣಿಕ್ಯದ ಕಡ್ಡಿಯಿಂದ ಲೋಕದ ಮೊದಲ ಲೇಸರ್ ಕಿರಣವನ್ನು ಹೊರಡಿಸಿದರು. ಎರಡೇ ವರ್ಷಗಳ ತರುವಾಯ, 1962ರ ಸೆಪ್ಟೆಂಬರಿನಲ್ಲಿ, ನ್ಯೂಯಾರ್ಕ್ ಸಂಸ್ಥಾನದ ಸ್ಕೆನೆಕ್ಟಡಿ ನಗರದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ರಾಬರ್ಟ್ ಹಾಲ್ ಮತ್ತು ಅವರ ಸಂಗಡಿಗರು ಗ್ಯಾಲಿಯಂ ಆರ್ಸೆನೈಡ್ ಎಂಬ ಅರೆವಾಹಕದ ಹರಳಿನಿಂದಲೇ ಲೇಸರ್ ಬೆಳಕನ್ನು ಪಡೆದರು. ಅದು ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಕೆಲವೇ ವಾರಗಳಲ್ಲಿ ಅದೇ ಸಂಸ್ಥೆಯ ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಲೇಸರನ್ನೂ ಹೊರತಂದರು.

ಹಾಲ್ ಅವರ ಹರಳು ತೀರ ಸುಕುಮಾರವಾದ ಪ್ರಾಣಿ. ಶೂನ್ಯಕ್ಕಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ ಅದನ್ನು ಮುಳುಗಿಸಿಡಬೇಕಾಗಿತ್ತು. ಆಗಲೂ ವಿದ್ಯುತ್ತನ್ನು ಸತತವಾಗಿ ಹರಿಸುವಂತಿರಲಿಲ್ಲ. ಸೆಕೆಂಡಿನ ಹತ್ತು ಲಕ್ಷದ ಕೆಲವು ಪಾಲುಗಳಷ್ಟು ಅಲ್ಪಕಾಲ ಹರಿಸಿ, ಒಡನೆಯೇ ನಿಲ್ಲಿಸಬೇಕಾಗಿತ್ತು. ಕೋಣೆಯ ಉಷ್ಣತೆಯಲ್ಲಿ ಎಡೆಬಿಡದೆ ಬೆಳಗುವ ಹರಳು ಸಿದ್ಧವಾದುದು 1970ರಲ್ಲಿ. ಲೆನಿನ್‌ಗ್ರಾಡಿನಲ್ಲಿ ಜೋರೆಸ್ ಆಲ್ಫೆರೊವ್ ಅವರ ತಂಡವೂ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇಜುವೊ ಹಯಾಶಿ ಮತ್ತು ಮಾರ್ಟನ್ ಪ್ಯಾನಿಶ್ ಅವರೂ ಒಂದೇ ವರ್ಷದಲ್ಲಿ ಈ ಸಾಧನೆಯನ್ನು ಮಾಡಿದರು. ಆಲ್ಫೆರೊವ್ ಅವರಿಗೆ 2000ನೆಯ ಇಸವಿಯ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಹರಳು ಹೀಗೆ ಪಳಗಿತಾದರೂ ಅದರ ಮೂಲಸ್ವಭಾವ ಬದಲಾಗಲಿಲ್ಲ. ಅಳತೆಯ ಅನ್ನವೇ ಅದಕ್ಕೆ ಪಥ್ಯ.

ಕಾರಣವೇನೆಂಬುದನ್ನು ಹರಳಿನೊಳಗೆ ಇಣಿಕಿ ನೋಡಬೇಕು. ಡಯೋಡೆಂದರೆ ಎರಡು ಬಗೆಯ ಅರೆವಾಹಕ ಪದರಗಳ ಜೋಡಣೆ. ಒಂದರಲ್ಲಿ ಎಲೆಕ್ಟ್ರಾನುಗಳ ಸಮೃದ್ಧಿ, ಇನ್ನೊಂದರಲ್ಲಿ ಎಲೆಕ್ಟ್ರಾನುಗಳಿಗಾಗಿ ಕಾದಿರುವ ತೆರವುಗಳ ಸಮೃದ್ಧಿ. ವಿದ್ಯುತ್ತು ಹರಿದಾಗ ಇವೆರಡೂ ಗಡಿಯಲ್ಲಿ ಕೂಡುತ್ತವೆ. ಕೂಡಿದಾಗ ಬೆಳಕಿನ ಕಣವೊಂದು ಹೊರಬೀಳುತ್ತದೆ. ಹರಳಿನ ಎರಡು ಕೊನೆಗಳು ಕನ್ನಡಿಯಂತೆ ನುಣುಪಾಗಿದ್ದು, ಹುಟ್ಟಿದ ಬೆಳಕನ್ನು ಹಿಂದಕ್ಕೂ ಮುಂದಕ್ಕೂ ಅಟ್ಟುತ್ತವೆ. ಹಾಗೆ ಓಡಾಡುವ ಬೆಳಕು ದಾರಿಯಲ್ಲಿ ತನ್ನಂಥದೇ ಬೆಳಕನ್ನು ಹೊರಡಿಸುತ್ತ ಬಲಿಯುತ್ತದೆ. ಪ್ರವಾಹ ಒಂದು ಮಿತಿಯನ್ನು ತಲಪುವವರೆಗೆ ಡಯೋಡು ಸಾಮಾನ್ಯ ದೀಪದಂತೆ ಮಂಕಾಗಿ ಮಿನುಗುತ್ತದೆ. ಆ ಮಿತಿಗೆ ಹೊಸ್ತಿಲು ಎಂದು ಹೆಸರು. ಹೊಸ್ತಿಲನ್ನು ದಾಟಿದೊಡನೆ ಲೇಸರ್ ಬೆಳಕು ಚಿಮ್ಮುತ್ತದೆ. ಅಲ್ಲಿಂದ ಮುಂದೆ ಒಂದೊಂದು ಮಿಲಿಆಂಪಿಯರಿಗೂ ಬೆಳಕು ಸರಸರನೆ ಏರುತ್ತದೆ.

ಈ ಬೆಳಕೆಲ್ಲ ಹೊರಬರುವ ಕಿಟಕಿ ಎಷ್ಟು ದೊಡ್ಡದು? ಸಾಮಾನ್ಯ ಕೆಂಪು ಲೇಸರ್ ಡಯೋಡಿನಲ್ಲಿ ಅದರ ಎತ್ತರ ಮಿಲಿಮೀಟರಿನ ಸಾವಿರದ ಒಂದು ಪಾಲು, ಅಗಲ ಸುಮಾರು ಮೂರು ಪಾಲು. ಡಯೋಡಿನ ಒಟ್ಟು ಬೆಳಕು 5 ಮಿಲಿವ್ಯಾಟು ಮಾತ್ರವೆಂದಿಟ್ಟುಕೊಂಡರೂ, ಆ ಕಿಟಕಿಯಲ್ಲಿ ಅದರ ಸಾಂದ್ರತೆ ಚದರ ಸೆಂಟಿಮೀಟರಿಗೆ ಒಂದೂವರೆ ಲಕ್ಷ ವ್ಯಾಟನ್ನು ಮೀರುತ್ತದೆ. ಸೂರ್ಯನ ಮೇಲ್ಮೈಯಲ್ಲಿ ಈ ಸಂಖ್ಯೆ ಸುಮಾರು ಆರು ಸಾವಿರ ಮಾತ್ರ! ಸಾಸಿವೆಗಿಂತ ಚಿಕ್ಕದಾದ ಹರಳಿನ ಬಾಗಿಲಲ್ಲಿ ಸೂರ್ಯನನ್ನು ನಾಚಿಸುವ ತೇಜಸ್ಸು ನಿತ್ಯವೂ ನಿಂತಿರುತ್ತದೆ. ಅದು ಇನ್ನಷ್ಟು ಹೆಚ್ಚಿದರೆ ಕಿಟಕಿಯ ಮೈ ಬೆಳಕನ್ನು ಹೀರಿ ಬಿಸಿಯಾಗುತ್ತದೆ. ಬಿಸಿಯಾದಷ್ಟೂ ಹೆಚ್ಚು ಹೀರುತ್ತದೆ. ಹೀರಿದಷ್ಟೂ ಹೆಚ್ಚು ಬಿಸಿಯಾಗುತ್ತದೆ. ಕೊನೆಗೆ ಕನ್ನಡಿಯೇ ಕರಗುತ್ತದೆ. ಇದಕ್ಕೆ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ಸಾಕು. ಆಮೇಲೂ ಡಯೋಡು ಮಂಕಾಗಿ ಮಿನುಗುತ್ತಲೇ ಇರುವುದುಂಟು. ಆದರೆ ಅದರ ಲೇಸರುತನ ಹೋಗಿಬಿಟ್ಟಿರುತ್ತದೆ.

ರಕ್ಷಣೆಗಾಗಿ ಫ್ಯೂಸು ಹಾಕಿದರಾಯಿತಲ್ಲವೇ ಎಂದು ಯಾರಾದರೂ ಕೇಳಬಹುದು. ಫ್ಯೂಸಿನ ತಂತಿ ಕಾದು ಕರಗಲು ಸೆಕೆಂಡಿನ ಸಾವಿರದ ಹಲವು ಪಾಲುಗಳಾದರೂ ಬೇಕು. ಅಷ್ಟರಲ್ಲಿ ಹರಳು ಸಾವಿರ ಸಲ ಸತ್ತಿರುತ್ತದೆ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ!

ಒಳಲೆಯ ಉಪಾಯ

ಹಸುಳೆಗೆ ಹಾಲು ಕುಡಿಸುವ ತಾಯಿ ಬಿಂದಿಗೆಯನ್ನು ಬಾಯಿಗೆ ಬಗ್ಗಿಸುವುದಿಲ್ಲ. ಒಳಲೆಯಲ್ಲಿ ಅಳೆದು ಹನಿಸುತ್ತಾಳೆ. ಲೇಸರ್ ಡಯೋಡನ್ನು ನೇರವಾಗಿ ಬ್ಯಾಟರಿಗೆ ಜೋಡಿಸುವುದೆಂದರೆ ಬಿಂದಿಗೆಯನ್ನು ಬಗ್ಗಿಸಿದಂತೆಯೇ ಸರಿ.

ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ಒಂದು ಕೆಂಪು ಡಯೋಡಿನ ಹೊಸ್ತಿಲು 30 ಮಿಲಿಆಂಪಿಯರು, ಅದು 40 ಮಿಲಿಆಂಪಿಯರಿನಲ್ಲಿ 5 ಮಿಲಿವ್ಯಾಟು ಬೆಳಕು ಕೊಡುತ್ತದೆ, ಆಗ ಅದರ ಮೇಲಿನ ವೋಲ್ಟೇಜು 2.2 ಎಂದಿಟ್ಟುಕೊಂಡರೆ ಮಾರುಕಟ್ಟೆಯ ಸಾಮಾನ್ಯ ಡಯೋಡಿಗೆ ಅದು ಹತ್ತಿರದ ಲೆಕ್ಕ. ಇಂಥ ಡಯೋಡಿನಲ್ಲಿ ಪ್ರವಾಹದ ಏರಿಕೆಯನ್ನು ತಡೆಯುವ ಒಳರೋಧ 5 ಓಮಿನಷ್ಟಿದ್ದರೆ, ವೋಲ್ಟೇಜು ಕೇವಲ 0.1ರಷ್ಟು ಏರಿದೊಡನೆ ಪ್ರವಾಹ 20 ಮಿಲಿಆಂಪಿಯರಿನಷ್ಟು ಏರಿ 60 ಆಗುತ್ತದೆ. ಬೆಳಕು 5 ಮಿಲಿವ್ಯಾಟಿನಿಂದ 15ಕ್ಕೆ ಹಾರಲು ಯತ್ನಿಸುತ್ತದೆ. ಹೊಸ ಬ್ಯಾಟರಿ ಸೆಲ್ಲಿಗೂ ನಾಲ್ಕು ದಿನ ಬಳಸಿದ ಸೆಲ್ಲಿಗೂ ಇರುವ ಅಂತರವೇ ಇಷ್ಟು. ಸಾಲದುದಕ್ಕೆ, ಹರಳು ಬಿಸಿಯಾದಂತೆ ಅದಕ್ಕೆ ಬೇಕಾದ ವೋಲ್ಟೇಜು ಇಳಿಯುತ್ತದೆ. ಹಾಗಾಗಿ ಅದೇ ವೋಲ್ಟೇಜಿಗೆ ಪ್ರವಾಹ ಇನ್ನಷ್ಟು ಏರುತ್ತದೆ. ಆದುದರಿಂದ ಲೇಸರ್ ಡಯೋಡಿಗೆ ವೋಲ್ಟೇಜನ್ನು ನಿಗದಿಮಾಡಿ ಕೊಡಬಾರದು. ಪ್ರವಾಹವನ್ನು ನಿಗದಿಮಾಡಿ ಕೊಡಬೇಕು. ಇದು ಈ ವಿದ್ಯೆಯ ಮೊದಲ ಪಾಠ.

ಪ್ರವಾಹವನ್ನು ಅಳೆಯುವುದು ಹೇಗೆ? ಓಮ್ ಎಂಬಾತನ ಹಳೆಯ ನಿಯಮವೇ ಇಲ್ಲಿ ಒಳಲೆಯಾಗುತ್ತದೆ. ಡಯೋಡಿನ ದಾರಿಯಲ್ಲಿ ಒಂದು ರೋಧಕವನ್ನು ಇಟ್ಟರೆ, ಅದರ ಎರಡು ತುದಿಗಳ ನಡುವಿನ ವೋಲ್ಟೇಜು ಪ್ರವಾಹಕ್ಕೆ ಸರಿಯಾಗಿ ಏರಿಳಿಯುತ್ತದೆ. ಈ ವೋಲ್ಟೇಜನ್ನು ಕದಲದ ಒಂದು ಪ್ರಮಾಣ ವೋಲ್ಟೇಜಿನೊಡನೆ ಆಪ್ ಆಂಪ್ ಎಂಬ ವರ್ಧಕವು ಎಡೆಬಿಡದೆ ಹೋಲಿಸುತ್ತಿರುತ್ತದೆ. ಪ್ರವಾಹ ಹೆಚ್ಚಿದರೆ ಟ್ರಾನ್ಸಿಸ್ಟರಿನ ತೂಬನ್ನು ಕೊಂಚ ಮುಚ್ಚುತ್ತದೆ, ತಗ್ಗಿದರೆ ಕೊಂಚ ತೆರೆಯುತ್ತದೆ. ಕೆರೆಯಲ್ಲಿ ನೀರು ಏರಲಿ, ಇಳಿಯಲಿ, ಗದ್ದೆಗೆ ಹರಿಯುವ ನೀರು ಒಂದೇ ಸಮನಾಗಿರುವಂತೆ ನೋಡುವ ನೀರುಗಂಟಿಯ ಕೆಲಸ ಇದು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಎಲ್‌ಎಂ 317 ಎಂಬ ಮೂರು ಕಾಲಿನ ನಿಯಂತ್ರಕವೂ ಇದೇ ಕೆಲಸವನ್ನು ಒರಟಾಗಿ ಮಾಡಬಲ್ಲುದು. ಅದರ ಪ್ರಮಾಣ ವೋಲ್ಟೇಜು 1.25, ಅದಕ್ಕೆ 31 ಓಮಿನ ರೋಧಕವನ್ನು ಜೋಡಿಸಿದರೆ ಸುಮಾರು 40 ಮಿಲಿಆಂಪಿಯರಿಗಿಂತ ಹೆಚ್ಚು ಪ್ರವಾಹವನ್ನು ಅದು ಹರಿಯಗೊಡದು.

ಕಾವಲುಗಾರನು ಕುರುಡಾದರೆ

ಇಷ್ಟರಿಂದ ಎಲ್ಲವೂ ಸುಗಮವಾಯಿತೆಂದು ತಿಳಿಯಬಾರದು. ಉಷ್ಣತೆ ಎಂಬ ಇನ್ನೊಂದು ಉಪದ್ರವ ಇದೆ. ಹರಳು ಒಂದು ಡಿಗ್ರಿ ಬಿಸಿಯಾದರೆ ಅದರ ಹೊಸ್ತಿಲು ಸಾಮಾನ್ಯವಾಗಿ ಶೇಕಡಾ ಒಂದರಿಂದ ಎರಡರಷ್ಟು ಏರುತ್ತದೆ, ತಂಪಾದರೆ ಇಳಿಯುತ್ತದೆ. ಬೇಸಗೆಯ ಮಧ್ಯಾಹ್ನ 40 ಮಿಲಿಆಂಪಿಯರಿಗೆ 5 ಮಿಲಿವ್ಯಾಟು ಬರುವಂತೆ ಹದಮಾಡಿದ ಮೇಲಿನ ಡಯೋಡನ್ನೇ ಮುಂಜಾನೆಯ ಚಳಿಯಲ್ಲಿ ಬೆಳಗಿಸಿದರೆ ಏನಾಗುತ್ತದೆ? ಹೊಸ್ತಿಲು 30ರಿಂದ 25ಕ್ಕೆ ಇಳಿದಿದ್ದರೆ, ಅದೇ 40 ಮಿಲಿಆಂಪಿಯರು ಈಗ 7.5 ಮಿಲಿವ್ಯಾಟು ಬೆಳಕನ್ನು ಹೊರಡಿಸುತ್ತದೆ. ಪ್ರವಾಹ ಕೂದಲೆಳೆಯಷ್ಟೂ ಬದಲಾಗಿಲ್ಲ. ಬೆಳಕು ಮಾತ್ರ ಒಂದೂವರೆ ಪಟ್ಟಾಗಿದೆ. ಮಧ್ಯಾಹ್ನ ಬದುಕಿದ್ದ ಡಯೋಡು ಮುಂಜಾನೆ ಸಾಯುವ ಸೋಜಿಗದ ಗುಟ್ಟು ಇದು.

ಇದನ್ನು ಬಲ್ಲ ತಯಾರಕರು ಹಲವು ಡಯೋಡುಗಳ ಲೋಹದ ಡಬ್ಬಿಯೊಳಗೇ ಒಂದು ಫೋಟೋಡಯೋಡನ್ನೂ ಕೂರಿಸಿರುತ್ತಾರೆ. ಹರಳಿನ ಹಿಂಬದಿಯಿಂದ ಸೋರುವ ಅಲ್ಪ ಬೆಳಕನ್ನು ಅದು ಅಳೆದು ಚಾಲಕ ಮಂಡಲಕ್ಕೆ ವರದಿ ಒಪ್ಪಿಸುತ್ತದೆ. ಬೆಳಕು ಹೆಚ್ಚಿದೆ ಎಂದು ವರದಿ ಬಂದರೆ ಮಂಡಲವು ಪ್ರವಾಹವನ್ನು ತಗ್ಗಿಸುತ್ತದೆ. ಕಡಮೆಯಾಗಿದೆ ಎಂದು ಬಂದರೆ ಏರಿಸುತ್ತದೆ. ಹೀಗೆ ಪ್ರವಾಹಕ್ಕೆ ಬದಲಾಗಿ ಬೆಳಕನ್ನೇ ನಿಗದಿಯಲ್ಲಿಡುವ ಈ ಏರ್ಪಾಡು ನೋಡಲು ಬಹು ಚೆಲುವಾಗಿದೆ.

ಆದರೆ ಈ ಚೆಲುವಿನಲ್ಲಿಯೇ ಒಂದು ಮೃತ್ಯು ಅಡಗಿದೆ. ಫೋಟೋಡಯೋಡಿನ ತಂತಿಯ ಬೆಸುಗೆ ಬಿಟ್ಟುಹೋಯಿತೆಂದು ಎಣಿಸಬೇಕು. ಆಗ ಮಂಡಲಕ್ಕೆ ಬರುವ ವರದಿ ಏನು? "ಬೆಳಕೇ ಇಲ್ಲ" ಎಂಬುದು! ಸ್ವಾಮಿಭಕ್ತನಾದ ಮಂಡಲವು ಕಂಗೆಟ್ಟು, ಬೆಳಕನ್ನು ಮರಳಿ ತರಲು ಪ್ರವಾಹವನ್ನು ಏರಿಸುತ್ತದೆ. ಆಗಲೂ ವರದಿ ಬಾರದಿರಲು ಇನ್ನೂ ಏರಿಸುತ್ತದೆ. ತನ್ನಲ್ಲಿ ಇರುವಷ್ಟನ್ನೂ ಸುರಿದುಬಿಡುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಹರಳು ಸತ್ತಿರುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಸಾಯುವ ಮುನ್ನ ಅದು ಕಾರಿದ ಮಿತಿಮೀರಿದ ಬೆಳಕು ಯಾರ ಕಣ್ಣಿಗೆ ಬಿದ್ದಿತೋ ಯಾರು ಬಲ್ಲರು?

ಆದುದರಿಂದ ಬಲ್ಲ ರಚನಕಾರನು ಫೋಟೋಡಯೋಡನ್ನು ಪೂರ್ತಿಯಾಗಿ ನಂಬುವುದಿಲ್ಲ. ಅದರ ಮಾತಿಗೆ ಮನ್ನಣೆ ಕೊಡುತ್ತಾನೆ. ಆದರೆ ಅದು ಏನೇ ಹೇಳಲಿ, ಪ್ರವಾಹ ಇಂತಿಷ್ಟನ್ನು ದಾಟಕೂಡದೆಂದು ಪ್ರತ್ಯೇಕವಾದ ಇನ್ನೊಂದು ಮಿತಿಯನ್ನು ಕಟ್ಟುತ್ತಾನೆ. ಇಷ್ಟಕ್ಕೆ ನಿಲ್ಲದೆ, ಮಂಡಲದ ಒಂದೊಂದು ಅಂಗವನ್ನೂ ಮುಂದಿಟ್ಟುಕೊಂಡು ಒಂದೇ ಪ್ರಶ್ನೆಯನ್ನು ಕೇಳುತ್ತಾನೆ: "ಇದು ಕೆಟ್ಟರೆ ಕತ್ತಲಾಗುವುದೋ, ಬೆಳಕು ಹೆಚ್ಚುವುದೋ?" ಕತ್ತಲಾಗುವುದೆಂದರೆ ಆ ಅಂಗ ಇರಬಹುದು. ಬೆಳಕು ಹೆಚ್ಚುವುದೆಂದರೆ ರಚನೆಯನ್ನು ಬದಲಿಸಬೇಕು. ಚಾಲಕ ಮಂಡಲದ ಸಮಸ್ತ ನೀತಿಶಾಸ್ತ್ರವೂ ಈ ಪ್ರಶ್ನೆಯಲ್ಲಿ ಅಡಕವಾಗಿದೆ.

ಉದಾಹರಣೆಗೆ, ಬೆಳಕನ್ನು ಹೆಚ್ಚುಕಡಮೆ ಮಾಡಲು ತಿರುಗಿಸುವ ಗುಬುಟಿನ ಒಳಗೆ ರೋಧಕದ ಮೇಲೆ ಸರಿದಾಡುವ ಒಂದು ಲೋಹದ ನಾಲಗೆ ಇರುತ್ತದೆ. ವರ್ಷಗಳು ಕಳೆದಂತೆ ಧೂಳು ಕುಳಿತು ಈ ನಾಲಗೆ ಕ್ಷಣಕಾಲ ಸಂಪರ್ಕ ತಪ್ಪುವುದು ಸ್ವಾಭಾವಿಕ. ಆ ಕ್ಷಣ ಆಪ್ ಆಂಪಿಗೆ ಬರುವ ಅಪ್ಪಣೆ ಅನಾಥವಾಗುತ್ತದೆ. ಎತ್ತ ಬೇಕಾದರೂ ತೇಲಬಹುದು. ಅಲ್ಲಿಂದ ಶೂನ್ಯ ವೋಲ್ಟೇಜಿಗೆ ಒಂದು ಚಿಕ್ಕ ರೋಧಕವನ್ನು ಕಟ್ಟಿಟ್ಟರೆ, ನಾಲಗೆ ತಪ್ಪಿದಾಗ ಅಪ್ಪಣೆ ತಾನಾಗಿ ಶೂನ್ಯಕ್ಕೆ ಇಳಿಯುತ್ತದೆ. ಕೆಲವು ಕಾಸಿನ ಈ ರೋಧಕವು ಸಾವಿರಾರು ರೂಪಾಯಿಯ ಡಯೋಡನ್ನು ಕಾಯುತ್ತದೆ.

ಬೆಳಗಿಸುವ ಹೊತ್ತು, ಆರಿಸುವ ಹೊತ್ತು

ಹೆಚ್ಚಿನ ಡಯೋಡುಗಳು ಸಾಯುವುದು ಉರಿಯುತ್ತಿರುವಾಗ ಅಲ್ಲ. ಬೆಳಗಿಸುವ ಅಥವಾ ಆರಿಸುವ ಸಂಧಿಕಾಲದಲ್ಲಿ, ಇಲ್ಲವೆ ಕೈಯಲ್ಲಿ ಹಿಡಿದಾಗ. ಚಾಲಕ ಮಂಡಲಕ್ಕೂ ಡಯೋಡಿಗೂ ನಡುವೆ ಒಂದು ಸ್ವಿಚ್ಚನ್ನು ಇಟ್ಟು ದೀಪದಂತೆ ಹಚ್ಚಿ ಆರಿಸುವುದು ಅನನುಭವಿಗಳು ಮಾಡುವ ಮೊದಲ ಅಪರಾಧ. ಸ್ವಿಚ್ಚು ತೆರೆದಿರುವಾಗ ಪ್ರವಾಹಕ್ಕೆ ದಾರಿಯಿಲ್ಲ. ಆದರೆ ಆಪ್ ಆಂಪು "ಪ್ರವಾಹ ಎಲ್ಲಿ?" ಎಂದು ತೂಬನ್ನು ಪೂರ್ತಿ ತೆರೆದು ಕಾದಿರುತ್ತದೆ. ಸ್ವಿಚ್ಚು ಮುಚ್ಚಿದ ಕ್ಷಣವೇ, ಅದು ಎಚ್ಚತ್ತು ತೂಬನ್ನು ಇಳಿಸುವ ಮೊದಲೇ, ಕೂಡಿಕೊಂಡಿದ್ದ ವಿದ್ಯುತ್ತೆಲ್ಲ ಹರಳಿನ ಮೇಲೆ ನುಗ್ಗುತ್ತದೆ. ಜಾತ್ರೆಯಲ್ಲಿ ಗುಡಿಯ ಬಾಗಿಲು ತೆರೆದೊಡನೆ ಜನ ನುಗ್ಗುವಂತೆ.

ಪ್ರಯೋಗಾಲಯದ ಉತ್ತಮ ಮಂಡಲಗಳು ಇದಕ್ಕೆ ತಿರುವುಮುರುವಾದ ಉಪಾಯವನ್ನು ಹೂಡುತ್ತವೆ. ಡಯೋಡಿನ ಎರಡು ಕಾಲುಗಳನ್ನೂ ಒಂದಕ್ಕೊಂದು ಜೋಡಿಸುವಂತೆ ಒಂದು ರಿಲೇಯನ್ನು ಇಟ್ಟಿರುತ್ತಾರೆ. ವಿದ್ಯುತ್ತಿಲ್ಲದಾಗ ಈ ರಿಲೇ ಸ್ವಭಾವತಃ ಮುಚ್ಚಿರುತ್ತದೆ. ಬಂದ ಪ್ರವಾಹವೆಲ್ಲ ಹರಳನ್ನು ಬಳಸಿ ಪಕ್ಕದಿಂದ ಹರಿದುಹೋಗುತ್ತದೆ. ಮಂಡಲವು ಮೈತಿಳಿದು ನೆಲೆನಿಂತ ಮೇಲೆ, ಪ್ರವಾಹ ಇನ್ನೂ ಶೂನ್ಯದಲ್ಲಿರುವಾಗ ರಿಲೇ ತೆರೆದುಕೊಳ್ಳುತ್ತದೆ. ಅನಂತರ ಪ್ರವಾಹ ಮೆಲ್ಲಮೆಲ್ಲನೆ ಏರುತ್ತದೆ. ಊರಿನ ವಿದ್ಯುತ್ತು ತಟ್ಟನೆ ಹೋದರೆ ರಿಲೇ ತಾನಾಗಿಯೇ ಮುಚ್ಚಿ ಹರಳನ್ನು ಮರೆಮಾಡುತ್ತದೆ. ಇಲ್ಲಿಯೂ ಅದೇ ನೀತಿ: ಕೆಟ್ಟರೆ ಕತ್ತಲೆ.

ಇನ್ನು ಕೈಯಲ್ಲಿ ಹಿಡಿಯುವ ಮಾತು. ಒಣಹವೆಯ ದಿನಗಳಲ್ಲಿ ಉಣ್ಣೆಯ ಅಥವಾ ನೈಲಾನಿನ ಬಟ್ಟೆ ತೊಟ್ಟವರು ಬಾಗಿಲ ಹಿಡಿಯನ್ನು ಮುಟ್ಟಿದಾಗ ಚುರುಕ್ಕೆನ್ನುವ ಅನುಭವ ಅನೇಕರಿಗೆ ಉಂಟು. ಆ ಚುರುಕು ಬೆರಳಿಗೆ ತಿಳಿಯಬೇಕಾದರೆ ಮೈಯಲ್ಲಿ ಸುಮಾರು 3,000 ವೋಲ್ಟು ಸ್ಥಿರವಿದ್ಯುತ್ತು ಕೂಡಿರಬೇಕು. ಲೇಸರ್ ಡಯೋಡು ಅದಕ್ಕಿಂತ ಎಷ್ಟೋ ಕಡಮೆ ಆಘಾತಕ್ಕೇ ಬಲಿಯಾಗುತ್ತದೆ. ಹಿಮ್ಮುಖವಾಗಿ ಹಲವು ಡಯೋಡುಗಳು ತಾಳಬಲ್ಲುದು 2 ವೋಲ್ಟು ಮಾತ್ರ. ಅಂದರೆ ಮುಟ್ಟಿದವನಿಗೆ ಏನೂ ತಿಳಿಯದಂತೆಯೇ ಹರಳು ಸತ್ತಿರಬಹುದು. ಇದಕ್ಕಾಗಿಯೇ ಕೆಲಸಗಾರರು ಮಣಿಕಟ್ಟಿಗೆ ಪಟ್ಟಿ ಕಟ್ಟಿ, ಹತ್ತು ಲಕ್ಷ ಓಮಿನ ರೋಧಕದ ಮೂಲಕ ಅದನ್ನು ಭೂಮಿಗೆ ಜೋಡಿಸಿಕೊಳ್ಳುತ್ತಾರೆ. ಬೆಸುಗೆಯ ಕಡ್ಡಿಯನ್ನೂ ಭೂಮಿಗೆ ಜೋಡಿಸಿರುತ್ತಾರೆ. ಹಿಮ್ಮುಖದ ವೋಲ್ಟೇಜನ್ನು ನುಂಗಿಹಾಕಲು, ಲೇಸರ್ ಡಯೋಡಿನ ಬೆನ್ನಿಗೆ ವಿರುದ್ಧ ದಿಕ್ಕಿನಲ್ಲಿ ಒಂದು ಸಾಮಾನ್ಯ ಡಯೋಡನ್ನು ಕಾವಲಿಡುತ್ತಾರೆ.

ಪರಮಾಣುವಿನ ಮುಂದೆ ಪರೀಕ್ಷೆ

ಬದುಕಿಸುವುದು ಒಂದು ಕೆಲಸ. ಕದಲದಂತೆ ನಿಲ್ಲಿಸುವುದು ಇನ್ನೊಂದು. ಪಟ್ಟೆಗೆರೆಗಳನ್ನು ಓದುವ ಯಂತ್ರಕ್ಕೆ ಬೆಳಕು ಕೊಂಚ ಹೆಚ್ಚುಕಡಮೆಯಾದರೂ ನಡೆದೀತು. ಪರಮಾಣುವಿನೊಡನೆ ವ್ಯವಹರಿಸುವ ವಿಜ್ಞಾನಿಗೆ ಮಾತ್ರ ಅದು ನಡೆಯದು.

ಹಾಡಿನ ತಟ್ಟೆಗಳಿಗಾಗಿ ರಾಶಿರಾಶಿಯಾಗಿ ತಯಾರಾದ ಅಗ್ಗದ ಲೇಸರ್ ಡಯೋಡುಗಳ ಬೆಳಕಿನ ಅಲೆಯುದ್ದ ಸುಮಾರು 780 ನ್ಯಾನೊಮೀಟರು. ರುಬಿಡಿಯಂ ಎಂಬ ಲೋಹದ ಪರಮಾಣುಗಳು ಮೆಚ್ಚಿ ಹೀರುವ ಅಲೆಯುದ್ದವೂ ಸುಮಾರು 780 ನ್ಯಾನೊಮೀಟರೇ! ಈ ಕಾಕತಾಳೀಯದಿಂದ ಭೌತವಿಜ್ಞಾನಕ್ಕೆ ಒಂದು ನಿಧಿಯೇ ದೊರೆಯಿತು. ಅಮೆರಿಕದ ಕೊಲೊರಾಡೊ ಸಂಸ್ಥಾನದ ಬೋಲ್ಡರ್ ನಗರದಲ್ಲಿ ಕಾರ್ಲ್ ವೀಮನ್ ಇಂಥ ಅಗ್ಗದ ಹರಳುಗಳನ್ನು ಪರಮಾಣು ಪ್ರಯೋಗಗಳಿಗೆ ಪಳಗಿಸಿ, ಲಿಯೊ ಹೋಲ್‌ಬರ್ಗ್ ಅವರೊಡನೆ 1991ರಲ್ಲಿ ಅವುಗಳ ಬಳಕೆಯನ್ನು ಕುರಿತು ದೀರ್ಘವಾದ ಪ್ರಬಂಧವನ್ನು ಪ್ರಕಟಿಸಿದರು.

ಆದರೆ ಪರಮಾಣುವಿನ ಮೆಚ್ಚಿಗೆ ಬಹಳ ಇಕ್ಕಟ್ಟಾದುದು. ರುಬಿಡಿಯಮ್ಮಿನ ಈ ಗೆರೆಯ ಅಗಲ ಸುಮಾರು 60 ಲಕ್ಷ ಹರ್ಟ್ಸ್ ಮಾತ್ರ. ಬರಿಯ ಲೇಸರ್ ಡಯೋಡಿನಲ್ಲಿಯಾದರೋ ಪ್ರವಾಹ ಒಂದು ಮಿಲಿಆಂಪಿಯರು ಬದಲಾದರೆ ಬೆಳಕಿನ ಕಂಪನಸಂಖ್ಯೆ ಸುಮಾರು 300 ಕೋಟಿ ಹರ್ಟ್ಸ್ ಜಾರುತ್ತದೆ. ಅಂದರೆ 100 ಮಿಲಿಆಂಪಿಯರಿನಲ್ಲಿ ನಡೆಯುವ ಡಯೋಡಿನ ಪ್ರವಾಹ ಲಕ್ಷದಲ್ಲಿ ಎರಡು ಪಾಲು ಕದಲಿದರೂ ಬೆಳಕು ಗೆರೆಯ ಅಗಲದಷ್ಟೇ ಸರಿದುಬಿಡುತ್ತದೆ. ಉಷ್ಣತೆಯ ಕಾಟವೂ ಇದಕ್ಕೆ ಸಮನಾಗಿದೆ. ಡಿಗ್ರಿಯ ಸಾವಿರದ ಒಂದು ಪಾಲು ಬದಲಾದರೆ ಸುಮಾರು 3 ಕೋಟಿ ಹರ್ಟ್ಸ್ ಜಾರಿಕೆ. ಆದುದರಿಂದ ಹರಳನ್ನು ಒಂದು ಲೋಹದ ಪೀಠದ ಮೇಲೆ ಕೂರಿಸಿ, ವಿದ್ಯುತ್ತಿನಿಂದಲೇ ತಂಪುಗೊಳಿಸುವ ಬಿಲ್ಲೆಯನ್ನು ಅದರ ಕೆಳಗಿಟ್ಟು, ಉಷ್ಣತೆಗೂ ಪ್ರತ್ಯೇಕ ನಿಯಂತ್ರಣ ಮಂಡಲವನ್ನು ಕಟ್ಟುತ್ತಾರೆ.

ಪ್ರವಾಹವನ್ನು ಇಷ್ಟು ಪ್ರಶಾಂತವಾಗಿ ಹರಿಸುವ ಮಂಡಲವೊಂದನ್ನು ಕೆನೆತ್ ಲಿಬ್ರೆಕ್ಟ್ ಮತ್ತು ಜಾನ್ ಹಾಲ್ 1993ರಲ್ಲಿ ಪ್ರಕಟಿಸಿದರು. ಈ ಹಾಲ್ ಮೊದಲು ಹೇಳಿದ ರಾಬರ್ಟ್ ಹಾಲ್ ಅಲ್ಲ. 2005ರಲ್ಲಿ ನೊಬೆಲ್ ಪಾರಿತೋಷಕದ ಪಾಲುದಾರರಾದವರು. ಲಿಬ್ರೆಕ್ಟ್ ಅವರಾದರೋ ಹಿಮದ ಹರಳುಗಳ ಅಧ್ಯಯನದಿಂದ ಮುಂದೆ ಪ್ರಖ್ಯಾತರಾದರು. ಅವರ ಮಂಡಲದ ಮೂಲತತ್ತ್ವ ಮೇಲೆ ಹೇಳಿದ ನೀರುಗಂಟಿಯ ತತ್ತ್ವವೇ. ಅಳೆಯುವ ರೋಧಕ, ಹೋಲಿಸುವ ಆಪ್ ಆಂಪು, ತೆರೆದು ಮುಚ್ಚುವ ಟ್ರಾನ್ಸಿಸ್ಟರು. ಹೆಚ್ಚುಗಾರಿಕೆ ಇರುವುದು ಶ್ರದ್ಧೆಯಲ್ಲಿ. ಬಿಸಿಯಾದರೂ ಬೆಲೆ ಬದಲಿಸದ ರೋಧಕ, ಗದ್ದಲವಿಲ್ಲದ ಪ್ರಮಾಣ ವೋಲ್ಟೇಜು, ಸೋಸಿ ತಿಳಿಗೊಳಿಸಿದ ವಿದ್ಯುತ್ತು. ಈ ನಕ್ಷೆಯನ್ನೂ ಅದರ ಸುಧಾರಿತ ರೂಪಗಳನ್ನೂ ಅನುಸರಿಸಿ ಹಲವು ಪ್ರಯೋಗಾಲಯಗಳು ತಮ್ಮ ಮಂಡಲಗಳನ್ನು ಕಟ್ಟಿಕೊಂಡಿವೆ.

1995ರ ಜೂನ್ 5ರಂದು ಬೋಲ್ಡರಿನಲ್ಲಿ ಎರಿಕ್ ಕಾರ್ನೆಲ್ ಮತ್ತು ವೀಮನ್ ಅವರ ತಂಡವು ರುಬಿಡಿಯಂ ಪರಮಾಣುಗಳನ್ನು ಮೊದಲು ಲೇಸರ್ ಡಯೋಡುಗಳ ಬೆಳಕಿನಿಂದಲೇ ತಂಪುಗೊಳಿಸಿ, ಬಳಿಕ ಬೇರೆ ಉಪಾಯಗಳಿಂದ ಇನ್ನೂ ತಣಿಸಿ, ಅವೆಲ್ಲವೂ ಒಂದೇ ದೇಹವೆಂಬಂತೆ ವರ್ತಿಸುವ ವಿಚಿತ್ರ ಸ್ಥಿತಿಗೆ ತಂದಿತು. ಅಂಥ ಸ್ಥಿತಿಗೆ ಆಧಾರವಾದ ಗಣಿತವನ್ನು 1924ರಲ್ಲಿ ಢಾಕಾದಿಂದ ಐನ್‌ಸ್ಟೈನರಿಗೆ ಬರೆದು ಕಳುಹಿಸಿದವರು ಸತ್ಯೇಂದ್ರನಾಥ ಬೋಸರು. ಅವರ ಹೆಸರನ್ನು ಹೊತ್ತ ಆ ಸ್ಥಿತಿಯನ್ನು ಲೋಕ ಕಾಣಲು ಎಪ್ಪತ್ತೊಂದು ವರ್ಷ ಬೇಕಾಯಿತು. ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯಲ್ಲಿಯೂ ಲೇಸರಿನಿಂದ ಪರಮಾಣುಗಳನ್ನು ತಂಪುಗೊಳಿಸುವ ಪ್ರಯೋಗಗಳು ನಡೆಯುತ್ತಿವೆ. ಇಂಥ ಪ್ರಯೋಗಗಳ ಹಿಂದೆಲ್ಲ ಯಾರೂ ನೋಡದ ಪೆಟ್ಟಿಗೆಯೊಂದು ಸದ್ದಿಲ್ಲದೆ ಮಿಲಿಆಂಪಿಯರುಗಳನ್ನು ಅಳೆಯುತ್ತಿರುತ್ತದೆ.

ಕಣ್ಣಿನ ವಿಚಾರ

ಹರಳು ಸತ್ತರೆ ಹಣ ಕೊಟ್ಟು ಇನ್ನೊಂದನ್ನು ತರಬಹುದು. ಕಣ್ಣು ಹೋದರೆ ತರುವುದೆಲ್ಲಿಂದ? ಕಣ್ಣಿನ ಮಸೂರವು ಲೇಸರಿನ ಸಣ್ಣ ಕಿರಣವನ್ನು ಅಕ್ಷಿಪಟದ ಮೇಲೆ ಸೂಜಿಮೊನೆಯಂತೆ ಕೂಡಿಸಿ, ಅದರ ಸಾಂದ್ರತೆಯನ್ನು ಸುಮಾರು ಒಂದು ಲಕ್ಷ ಪಟ್ಟು ಹೆಚ್ಚಿಸುತ್ತದೆ. ಕಾಣುವ ಬೆಳಕು ಒಂದು ಮಿಲಿವ್ಯಾಟಿನೊಳಗಿದ್ದರೆ, ಸೆಕೆಂಡಿನ ಕಾಲು ಭಾಗದಲ್ಲಿ ರೆಪ್ಪೆ ತಾನಾಗಿ ಮುಚ್ಚಿ ರಕ್ಷಿಸುತ್ತದೆಂದು ಅಂತರರಾಷ್ಟ್ರೀಯ ನಿಯಮಗಳು ಎಣಿಸಿವೆ. ಅವಕೆಂಪು ಬೆಳಕಿಗೆ ಈ ರಕ್ಷೆಯೂ ಇಲ್ಲ; ಕಾಣದ ಬೆಳಕಿಗೆ ರೆಪ್ಪೆ ಮಿಟುಕದು. 780 ನ್ಯಾನೊಮೀಟರಿನ ಕಿರಣ ಮಂಕಾದ ಕೆಂಪು ಚುಕ್ಕೆಯಂತೆ ತೋರಿ, ಇದೇನು ಮಾಡೀತೆಂದು ನೋಡುವವನನ್ನು ವಂಚಿಸುತ್ತದೆ. ಕಣ್ಣು ಕಂಡಷ್ಟೇ ಬೆಳಕು ಅಲ್ಲಿರುವುದೆಂದು ತಿಳಿಯುವುದು ಅಪಾಯ.

ಪ್ರಬಲ ಲೇಸರುಗಳ ಪೆಟ್ಟಿಗೆಗೆ ಬೀಗದ ಕೈ ಇರಬೇಕು, ಬೆಳಕು ಹೊರಡುವುದನ್ನು ಸಾರುವ ಸೂಚಕ ದೀಪ ಇರಬೇಕು, ಕೋಣೆಯ ಬಾಗಿಲು ತೆರೆದರೆ ತಾನಾಗಿ ಆರಿಸುವ ಸಂಪರ್ಕ ಇರಬೇಕು ಎಂಬ ನಿಯಮಗಳು ಹುಟ್ಟಿದುದು ಈ ಕಾರಣದಿಂದ. ಇವನ್ನೆಲ್ಲ ನಡೆಸುವುದೂ ಚಾಲಕ ಮಂಡಲವೇ. ಬಾಗಿಲಿನ ಸಂಪರ್ಕದ ತಂತಿ ತುಂಡಾದರೆ ಏನಾಗಬೇಕು? ವಾಚಕರು ಈಗಾಗಲೇ ಉತ್ತರವನ್ನು ಊಹಿಸಿರಬಹುದು. ತಂತಿ ತುಂಡಾದುದನ್ನೂ ಬಾಗಿಲು ತೆರೆದಂತೆಯೇ ಎಣಿಸಿ ಲೇಸರು ಆರಬೇಕು.

ಕೊನೆಯದಾಗಿ, ಕೈಯಾರೆ ಮಂಡಲವನ್ನು ಕಟ್ಟಬಯಸುವ ಉತ್ಸಾಹಿ ತರುಣ ತರುಣಿಯರಿಗೆ ಅನುಭವಿಗಳು ಹೇಳುವ ಕಿವಿಮಾತೊಂದು ಉಂಟು. ಮಂಡಲ ಸಿದ್ಧವಾದೊಡನೆ ಲೇಸರ್ ಡಯೋಡನ್ನು ಜೋಡಿಸಬಾರದು. ಅದರ ಸ್ಥಾನದಲ್ಲಿ ಮೂರು ಸಾಮಾನ್ಯ ಸಿಲಿಕಾನ್ ಡಯೋಡುಗಳನ್ನು ಸಾಲಾಗಿ ಕಟ್ಟಬೇಕು. ಒಂದೊಂದರ ಮೇಲೆ ಸುಮಾರು 0.7 ವೋಲ್ಟು ಬೀಳುವುದರಿಂದ ಮೂರೂ ಕೂಡಿ 2.1 ಆಗಿ, ಕೆಂಪು ಲೇಸರ್ ಡಯೋಡಿನ ವೇಷವನ್ನು ಚೆನ್ನಾಗಿಯೇ ಹಾಕುತ್ತವೆ. ಅವುಗಳೊಡನೆ ಒಂದು ಓಮಿನ ರೋಧಕವನ್ನು ಸೇರಿಸಿದರೆ, ಅದರ ಮೇಲಿನ ಒಂದೊಂದು ಮಿಲಿವೋಲ್ಟೂ ಒಂದೊಂದು ಮಿಲಿಆಂಪಿಯರನ್ನು ಸೂಚಿಸುತ್ತದೆ. ಈ ಹುಸಿ ಡಯೋಡಿನ ಮೇಲೆ ಮಂಡಲವನ್ನು ಹತ್ತು ಸಲ ಬೆಳಗಿಸಿ, ಹತ್ತು ಸಲ ಆರಿಸಿ ನೋಡಬೇಕು. ಆ ಕ್ಷಣಗಳ ನುಗ್ಗಾಟ ಸಾಧಾರಣ ಮೀಟರಿಗೆ ತಿಳಿಯದಾದುದರಿಂದ, ಆಸಿಲೋಸ್ಕೋಪಿನ ತೆರೆಯಲ್ಲಿ ಅದನ್ನು ಪರೀಕ್ಷಿಸಬೇಕು. ಗುಬುಟನ್ನು ಅಲ್ಲಾಡಿಸಿ ನೋಡಬೇಕು. ಬೇಕೆಂದೇ ಒಂದೊಂದು ತಂತಿಯನ್ನು ಕಳಚಿ, ಪ್ರವಾಹ ಇಳಿಯುವುದೋ ಏರುವುದೋ ಗಮನಿಸಬೇಕು. ಪ್ರತಿಯೊಂದು ಸಲವೂ ಇಳಿದರೆ ಮಾತ್ರ ಲೇಸರ್ ಡಯೋಡನ್ನು ಅದರ ಪೊಟ್ಟಣದಿಂದ ಹೊರತೆಗೆಯಬಹುದು. ಆಗಲೂ ಕಿರಣ ಯಾರ ಕಣ್ಣಿನ ಮಟ್ಟದಲ್ಲಿಯೂ ಹಾಯದಂತೆ, ಎದುರಿಗೆ ಮಾಸಲು ಕಪ್ಪು ಹಲಗೆಯೊಂದನ್ನು ನಿಲ್ಲಿಸಿಕೊಂಡು ಬೆಳಗಿಸುವುದು ಲೇಸು.